ಒಣ ಬಟ್ಟೆ ಮತ್ತು ನೂರು ಮೈಕ್ರಾನ್

ಹುಬ್ಬಳ್ಳಿಯ ಯಾವ ಓಣಿಗೆ ಬೇಕಾದರೂ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಬನಿಯನ್ನು, ಲುಂಗಿಯಲ್ಲಿರುವ ಯಜಮಾನರೊಬ್ಬರು ಗೇಟಿನ ಮುಂದೆ ನಿಂತ ಕಾರಿಗೆ ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ಕೈಯಲ್ಲಿ ಹಳೇ ಧೋತರದ ತುಂಡು. ಮೊದಲು ಪಟಪಟ ಎಂದು ಬಾನೆಟ್ಟಿನ ಧೂಳು ಜಾಡಿಸುವುದು, ಆಮೇಲೆ ಅದೇ ತುಂಡಿನಿಂದ ಗುಂಡಗೆ ಒರೆಸುವುದು, ನಡುನಡುವೆ ‘ಹಾ’ ಎಂದು ಬಾಯಿಯ ಆವಿ ಬಿಟ್ಟು ಮತ್ತೆ ತಿಕ್ಕುವುದು. ಚಹಾ ಬರುವಷ್ಟರಲ್ಲಿ ಗಾಡಿ ಥಳಥಳ. ಕೇಶ್ವಾಪುರದಲ್ಲೂ ಇದೇ, ವಿದ್ಯಾನಗರದಲ್ಲೂ ಇದೇ, ಧಾರವಾಡದ ಸಪ್ತಾಪುರಕ್ಕೆ ಹೋದರೂ ಇದೇ. ಈ ಜನಕ್ಕೆ ತಮ್ಮ ಗಾಡಿಯ ಮೇಲಿರುವ ಪ್ರೀತಿಯನ್ನು ಯಾರೂ ಅನುಮಾನಿಸಬೇಕಿಲ್ಲ. ನಮ್ಮೂರಿನ ಕಾರುಗಳ ಬಣ್ಣ ಹಾಳಾಗುವುದು ಬಹುತೇಕ ಈ ಪ್ರೀತಿಯಿಂದಲೇ.

ಕಾರಣ ಧೂಳಿನಲ್ಲಿದೆ. ಹುಬ್ಬಳ್ಳಿ ಕೂತಿರುವುದೇ ಎರಡು ಮಣ್ಣುಗಳ ನಡುವೆ. ಪಶ್ಚಿಮಕ್ಕೆ ಕಲಘಟಗಿ, ಧಾರವಾಡದ ಕಡೆ ಕೆಂಪು ಮಸಾರಿ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಕಪ್ಪು ಎರಿ ಭೂಮಿ. ಇವೆರಡರ ಪುಡಿಗೆ ನಮ್ಮೂರಿನ ಎಂದೂ ಮುಗಿಯದ ರಸ್ತೆ ಕಾಮಗಾರಿಗಳ ಸಿಮೆಂಟು, ಜಲ್ಲಿಪುಡಿ ಸೇರಿದರೆ ಕಾರಿನ ಮೇಲೆ ದಿನಾ ಬೆಳಿಗ್ಗೆ ಕೂತಿರುವ ಪದರ ತಯಾರು. ಎರಿ ಮಣ್ಣಿನ ಜೇಡಿ ಮೆತ್ತಗಿನದೇ, ಅದರಿಂದ ಅಂಥ ಅಪಾಯವಿಲ್ಲ. ಆದರೆ ಆ ಪದರದಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚುಕಲ್ಲಿಗೆ ಹತ್ತಕ್ಕೆ 7 ಅಂಕ. ಅಡುಗೆಮನೆಯ ಉಕ್ಕಿನ ಚಾಕು ಕೂಡ ಅಷ್ಟು ಗಡಸಲ್ಲ, ಇನ್ನು ಕಾರಿನ ಬಣ್ಣದ ಮಾತೇ ಬೇಡ. ಒಣ ಬಟ್ಟೆಯ ಎಳೆಗಳ ನಡುವೆ ಈ ಕಣ ಸಿಕ್ಕಿಕೊಂಡು ಬಾನೆಟ್ಟಿನ ಈ ತುದಿಯಿಂದ ಆ ತುದಿಗೆ ಪ್ರಯಾಣ ಮಾಡುತ್ತದೆ, ದಾರಿಯುದ್ದಕ್ಕೂ ಗೀರು ಬಿಡುತ್ತ. ಬಟ್ಟೆ ಎಷ್ಟು ಮೆತ್ತಗಿದ್ದರೇನು ಬಂತು?

ಈ ಗೀರುಗಳು ನೆರಳಲ್ಲಿ ಕಾಣುವುದಿಲ್ಲ, ಹಾಗಾಗಿಯೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಡು ಬಣ್ಣದ ಕಾರೊಂದನ್ನು ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ, ಬಾನೆಟ್ಟಿನಲ್ಲಿ ಸೂರ್ಯನ ಬಿಂಬ ಹುಡುಕಿ. ಅದರ ಸುತ್ತ ಜೇಡರ ಬಲೆ ನೇಯ್ದಂತೆ ವರ್ತುಲದ ಮೇಲೆ ವರ್ತುಲ ಕಾಣುತ್ತವೆ. ನೀವು ಪಕ್ಕಕ್ಕೆ ಸರಿದರೆ ಬಲೆಯೂ ನಿಮ್ಮೊಂದಿಗೇ ಸರಿಯುತ್ತದೆ. ಗುಂಡಗೆ ಒರೆಸಿದ್ದಕ್ಕೆ ಗುಂಡಗೆ ಗೀರು ಬಿದ್ದಿದೆ ಎಂದು ಬಹಳ ಜನ ತಿಳಿಯುತ್ತಾರೆ. ಅಸಲಿಗೆ ಗೀರುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇರುತ್ತವೆ. ಬೆಳಕಿನ ಬಿಂದುವಿಗೆ ಅಡ್ಡಲಾಗಿರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುವುದರಿಂದ ವರ್ತುಲದ ಭ್ರಮೆ. ದಿನಕ್ಕೊಂದು ದಿಕ್ಕಿಗೆ ನೇರ ಗೆರೆಯಲ್ಲೇ ಒರೆಸಿದರೂ ಬಲೆ ಕಾಣುತ್ತದೆ.

ನಮ್ಮ ಕಾಕಾ ಕೂಡ ಇದೇ ಬೆಳಗಿನ ಪಂಗಡದವರು. ಅವರ 1986ರ ಕಡು ನೀಲಿ ಪ್ರೀಮಿಯರ್ ಪದ್ಮಿನಿ ಈಗ ನನ್ನ ಉಸ್ತುವಾರಿಯಲ್ಲಿದೆ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಇಟಲಿಯ ಫಿಯಾಟ್ 1100ರ ವಂಶದ ಕಾರು; 1089 ಸಿ.ಸಿ. ಎಂಜಿನ್, ಸ್ಟೀರಿಂಗಿಗೆ ಅಂಟಿಕೊಂಡ ಗೇರ್. ಪದ್ಮಿನಿ ಎಂದು ಹೆಸರಿದ್ದರೂ ನಮ್ಮ ಕಡೆ ಅದು ಕೊನೆತನಕ ‘ಫಿಯಾಟ್ ಗಾಡಿ’ಯೇ. ಡ್ರೈವರ್ ಸೀಟಿನ ಕೆಳಗೆ ಕಾಕಾರ ಧೋತರದ ತುಂಡು ಈಗಲೂ ಮಡಿಸಿಟ್ಟಂತೇ ಇದೆ. ಅದನ್ನು ಎಸೆಯಲು ನನಗೆ ಮನಸ್ಸಿಲ್ಲ, ಬಳಸುವ ಪ್ರಶ್ನೆಯಂತೂ ಇಲ್ಲ.

ಈ ಗಾಡಿಯನ್ನು ಪ್ರದರ್ಶನಕ್ಕೆ ನಿಲ್ಲಿಸುವ ಮಟ್ಟಕ್ಕೆ ತರಬೇಕು ಎಂದಾಗ ಗೋಕುಲ ರೋಡಿನ ಪರಿಚಯದ ಪೇಂಟರು ಸಲೀಸಾಗಿ ಒಂದು ದಾರಿ ಹೇಳಿದರು. “ಏನ್ ತಿಕ್ಕೊಂತ ಕುಂದರ್ತೀರಿ ಸರ, ಪೂರಾ ಕೆರದು ಪಿಯು ಹೊಡದ್ ಬಿಡೋಣ. ಕನ್ನಡಿ ಆಗ್ತೈತಿ.” ಮಾತು ಸುಳ್ಳಲ್ಲ. ಟು-ಕೆ ಪಿಯು, ಅಂದರೆ ಗಟ್ಟಿಕಾರಕ ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಬಣ್ಣ ಹೊಡೆದು, ಮೇಲೆ ಪಾರದರ್ಶಕ ಕ್ಲಿಯರ್ ಸುರಿದು, ಸಾಣೆ ಹಿಡಿದು ಪಾಲಿಶ್ ಮಾಡಿದರೆ ಮುಖ ನೋಡಿಕೊಳ್ಳಬಹುದು. ಆದರೆ ಅದು ಬೇರೆ ಕಾರಾಗುತ್ತದೆ. ಹಳೆಯ ಕಾರುಗಳ ಸ್ಪರ್ಧೆಗಳಲ್ಲಿ ಮೂಲ ಸ್ಥಿತಿ ಉಳಿಸಿಕೊಂಡು ಬಂದವಕ್ಕೆ ಪ್ರತ್ಯೇಕ ವಿಭಾಗವೇ ಇರುವುದುಂಟು, ಅದಕ್ಕೆ ಸರಿಯಾದ ಕಾರಣವೂ ಇದೆ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಕಾರ್ಖಾನೆಯ ಬಣ್ಣ ಮಾತ್ರ ಒಂದೇ ಸಲ ಬರುವುದು. ಇರುವ ಬಣ್ಣದೊಳಗೇ ಇನ್ನೂ ಕೆಡದೆ ಉಳಿದ ಪದರವನ್ನು ಹುಡುಕಿ ಮೇಲೆ ತರುವುದು ನನಗೆ ಬೇಕಾಗಿದ್ದ ಕೆಲಸ.

ಅದಕ್ಕೆ ಮೊದಲು ತೊಳೆಯುವುದು. ಇದರ ಬಗ್ಗೆ ಬರೆಯಲು ಹೋದರೆ ಊರಿನ ನೀರಿನ ಇತಿಹಾಸವನ್ನೇ ಬರೆಯಬೇಕಾದೀತು. ಸವದತ್ತಿಯ ನವಿಲುತೀರ್ಥದಿಂದ ಮಲಪ್ರಭೆ ಬರುತ್ತಾಳೆ. 2008ರಲ್ಲಿ ಕೆಲವು ವಾರ್ಡುಗಳಿಗೆ ಇಪ್ಪತ್ತನಾಲ್ಕು ತಾಸೂ ನೀರು ಕೊಟ್ಟು ನೋಡಿದ ಊರು ನಮ್ಮದು. ಅದೇ ಹೊತ್ತಿನಲ್ಲಿ ಉಳಿದ ಬಡಾವಣೆಗಳು ದಿನಗಟ್ಟಲೆ ನಳದ ದಾರಿ ಕಾಯುತ್ತಿದ್ದವು. ನೀರು ಬಂದ ದಿನ ಕೊಡ, ಬ್ಯಾರಲ್, ಸಿಂಟೆಕ್ಸ್ ಎಲ್ಲ ತುಂಬಿಸುವ ಓಣಿಯಲ್ಲಿ ಪೈಪು ಹಿಡಿದು ಕಾರು ತೊಳೆಯುವವನನ್ನು ಯಾರೂ ಬೈಯುವುದಿಲ್ಲ, ಸುಮ್ಮನೆ ನೋಡುತ್ತಾರೆ. ಆ ನೋಟ ಸಾಕು.

ಬೋರ್‌ವೆಲ್ ನೀರು ಹಾಕೋಣವೆಂದರೆ ಅದು ಗಡಸು. ಬಿಸಿಲಿಗೆ ಹನಿ ಒಣಗಿದ ಕೂಡಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣದ ಬಿಳಿ ಉಂಗುರ ಉಳಿಯುತ್ತದೆ. ಹೊಸದಾಗಿದ್ದರೆ ನೀರು ಬೆರೆಸಿದ ವಿನೆಗರ್‌ಗೆ ಬಿಡುತ್ತದೆ, ಹಳತಾದರೆ ಬಣ್ಣವನ್ನೇ ಕೊರೆದು ಕೂರುತ್ತದೆ. ಹಾಗಾಗಿ ಕೊನೆಯ ತೊಳೆತಕ್ಕೆ ನಾನು ಮಳೆನೀರು ಬಳಸುತ್ತೇನೆ. ಮೊದಲ ಮಳೆಗಳನ್ನು ಹರಿಯಬಿಟ್ಟು, ಮಾಳಿಗೆ ಚೊಕ್ಕವಾದ ಮೇಲೆ ಬೀಳುವ ನೀರನ್ನು ಡ್ರಮ್ಮಿಗೆ ಹಿಡಿದಿಡುವುದು. ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಒಣಗಿದರೂ ಕಲೆ ಕೂರುವುದಿಲ್ಲ. ಉಳಿದ ದಿನಗಳ ಸ್ವಚ್ಛತೆಗೆ ಒಂದೇ ಬಕೆಟ್ಟಿನ ಪದ್ಧತಿ: ನೀರಿಗೆ, ಮತ್ತೆ ತೊಳೆಯುವ ಅಗತ್ಯವಿಲ್ಲದ, ಪಾಲಿಮರ್ ಇರುವ ರಿನ್ಸ್‌ಲೆಸ್ ದ್ರಾವಣ ಸ್ವಲ್ಪ ಹಾಕಿ, ಅದರಲ್ಲಿ ಅದ್ದಿದ ಮೈಕ್ರೋಫೈಬರ್ (ಪಾಲಿಯೆಸ್ಟರಿನ ಅತಿ ಸಣ್ಣ ಎಳೆಗಳ) ಬಟ್ಟೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಒಂದು ಮಗ್ಗುಲನ್ನು ಒಂದೇ ಸಲ ಒರೆಸಿ, ಮಡಿಕೆ ತಿರುಗಿಸುವುದು. ದ್ರಾವಣದ ನುಣುಪು ಕಣಗಳನ್ನು ಬಣ್ಣದಿಂದ ಎಬ್ಬಿಸಿ ಬಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಕೊಳೆಯಾದ ಬಟ್ಟೆ ಮತ್ತೆ ಆ ಬಕೆಟ್ಟಿಗೆ ಇಳಿಯುವುದಿಲ್ಲ. ಹತ್ತು ಲೀಟರಿನೊಳಗೆ ಇಡೀ ಕಾರು ಮುಗಿಯುತ್ತದೆ. ಗಾಲಿಗೆ ಎರಿ ಮಣ್ಣು ಮೆತ್ತಿದ್ದಾಗ ಮಾತ್ರ ಇದು ನಡೆಯದು. ಆಗ ಪೈಪೇ ಗತಿ.

ಹತ್ತಿಯ ಊರಿನಲ್ಲಿ ಕೂತು ಪಾಲಿಯೆಸ್ಟರ್ ಬಟ್ಟೆ ಹೊಗಳುವುದು ನನಗೂ ಮುಜುಗರವೇ. ಹುಬ್ಬಳ್ಳಿಯ ಪೇಟೆ ಬೆಳೆದದ್ದೇ ಹತ್ತಿ ವ್ಯಾಪಾರದಿಂದ. ರಾಷ್ಟ್ರಧ್ವಜ ತಯಾರಾಗುವುದು ಇಲ್ಲೇ ಬೆಂಗೇರಿಯಲ್ಲಿ, ಖಾದಿಗೆ ಧಾರವಾಡದ ಪಕ್ಕದ ಗರಗ ಹೆಸರುವಾಸಿ. ಆದರೆ ಹತ್ತಿಯ ಎಳೆ ದಪ್ಪಗೆ. ಕಣವನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಮೈಕ್ರೋಫೈಬರಿನ ಸೀಳಿದ ಸಣ್ಣ ಎಳೆಗಳ ಸಂದಿನಲ್ಲಿ ಕಣ ಒಳಗೆ ಸೇರಿಕೊಳ್ಳುತ್ತದೆ. ಆ ಬಟ್ಟೆಗೂ ಮಡಿ ಜಾಸ್ತಿ. ಒಮ್ಮೆ ನೆಲಕ್ಕೆ ಬಿತ್ತೆಂದರೆ ಮತ್ತೆ ಬಣ್ಣ ಮುಟ್ಟುವಂತಿಲ್ಲ, ಗಾಲಿ ಒರೆಸಲು ಬಡ್ತಿ. ಮನೆಯ ಹತ್ತಿ ಬಟ್ಟೆಗಳ ಜೊತೆ ವಾಷಿಂಗ್ ಮಷೀನಿಗೆ ಹಾಕುವಂತಿಲ್ಲ, ಜುಂಗು ಹಿಡಿಯುತ್ತದೆ. ಬಟ್ಟೆ ಮೆತ್ತಗಾಗಿಸುವ ಕಂಫರ್ಟ್ ತೋರಿಸುವಂತೆಯೂ ಇಲ್ಲ, ಎಳೆಗಳು ಮುಚ್ಚಿಹೋಗುತ್ತವೆ. ಮನೆಯಲ್ಲಿ ಇದರ ಬಗ್ಗೆ ಆಗಿರುವ ವಾಗ್ವಾದಗಳನ್ನು ಇಲ್ಲಿ ಬರೆಯುವುದಿಲ್ಲ.

ತೊಳೆದ ಮೇಲೂ ಬಣ್ಣದ ಮೇಲೆ ಅಂಗೈ ಆಡಿಸಿದರೆ ಸಣ್ಣಗೆ ಮರಳು ಮರಳು. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿದರೆ ಇನ್ನೂ ಸ್ಪಷ್ಟ. ಬ್ರೇಕಿನ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕಿ, ಮರದ ಅಂಟು ಎಲ್ಲ ಬಣ್ಣದೊಳಗೆ ಬೇರುಬಿಟ್ಟು ಕೂತಿರುತ್ತವೆ. ಕಾಕಾ ಗಾಡಿ ನಿಲ್ಲಿಸುತ್ತಿದ್ದ ಜಾಗ ರೈಲ್ವೆ ಹಳಿಗೆ ದೂರವೇನಲ್ಲ, ಹಾಗಾಗಿ ಕಬ್ಬಿಣದ ಪಾಲು ಇನ್ನಷ್ಟು. ಐರನ್ ರಿಮೂವರ್ ಸಿಂಪಡಿಸಿ ಒಂದೆರಡು ನಿಮಿಷ ಬಿಟ್ಟರೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಬಣ್ಣದ ಹನಿಗಳು ಬಾಗಿಲ ಮೇಲೆ ಇಳಿಯತೊಡಗುತ್ತವೆ. ನೋಡಲು ಚೆಂದ, ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಉಳಿದದ್ದಕ್ಕೆ ಕ್ಲೇ, ಅಂದರೆ ಅಂಟಿದ ಕಣಗಳನ್ನು ಎತ್ತುವ ಜೇಡಿಯಂಥ ಮುದ್ದೆ. ಹೋಳಿಗೆಯ ಕಣಕದ ಹಾಗೆ ನಾದಿ ಚಪ್ಪಟೆ ಮಾಡಿ, ಬಣ್ಣಕ್ಕೆ ನುಣುಪು ನೀರು ಸಿಂಪಡಿಸಿ, ಭಾರ ಹಾಕದೆ ಜಾರಿಸಬೇಕು. ಮೊದಲು ಸರ್‌ಸರ್ ಎಂದು ಸದ್ದು, ಆಮೇಲೆ ಸದ್ದಡಗುತ್ತದೆ. ಅಲ್ಲಿಗೆ ಆ ಜಾಗ ಮುಗಿಯಿತು. ಕಣಕವನ್ನು ಬಿಚ್ಚಿ ನೋಡಿದರೆ ಕಂದು ಕಲೆ. ಅದನ್ನು ಒಳಗೆ ಮಡಚಿ ಮತ್ತೊಂದು ಮುಖ ತೆಗೆಯಬೇಕು. ಕ್ಲೇ ನೆಲಕ್ಕೆ ಬಿದ್ದರೆ ಕಸದ ಬುಟ್ಟಿಗೆ. ಅದರಲ್ಲಿ ರಾಜಿಯೇ ಇಲ್ಲ.

ಇನ್ನು ಮೈಕ್ರಾನ್ ವಿಷಯ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ ನೂರರಿಂದ ನೂರೈವತ್ತು ಮೈಕ್ರಾನ್, ಅಂದರೆ ಒಂದೆರಡು ತಲೆಗೂದಲಿನಷ್ಟು. ಈಗಿನ ಕಾರುಗಳಲ್ಲಿ ಇದರ ಮೇಲ್ಪದರ ಪಾರದರ್ಶಕ ಕ್ಲಿಯರ್ ಕೋಟ್, ಅದು ನಲವತ್ತೈವತ್ತು ಮೈಕ್ರಾನಿನ ಆಸುಪಾಸು. ಪದ್ಮಿನಿಯಂಥ ಹಳೇ ಗಾಡಿಗಳಲ್ಲಿ ಕ್ಲಿಯರ್ ಇಲ್ಲ. ಬಣ್ಣವೇ ಮೇಲ್ಪದರ, ಅದರ ಕೆಳಗೆ ಪ್ರೈಮರ್, ಅದರ ಕೆಳಗೆ ತಗಡು. ಗೀರು ಹೋಗಬೇಕೆಂದರೆ ಗೀರಿನ ತಳದವರೆಗೆ ಸುತ್ತಲಿನ ಬಣ್ಣವನ್ನು ಇಳಿಸಬೇಕು. ಪಾಲಿಶ್ ಎಂದರೆ ಏನೋ ಹಚ್ಚುವುದು ಎಂದುಕೊಂಡವರಿಗೆ ಇದು ಹೊಸ ಸುದ್ದಿ. ಪ್ರತಿ ಸಲವೂ ಬಣ್ಣ ಕಡಿಮೆಯಾಗುತ್ತದೆ, ಮತ್ತೆ ಬೆಳೆಯುವುದಿಲ್ಲ.

ಅದಕ್ಕೇ ಅಳೆಯುವ ಯಂತ್ರ ತರಿಸಿದೆ. ಬೆರಳುದ್ದದ ಸಾಧನ, ತಗಡಿಗೆ ಒತ್ತಿದರೆ ಪಿಕ್ ಎಂದು ಅಂಕಿ ತೋರಿಸುತ್ತದೆ. ಕಬ್ಬಿಣದ ತಗಡು ಎಷ್ಟು ದೂರದಲ್ಲಿದೆ ಎಂಬುದನ್ನು ಕಾಂತೀಯವಾಗಿ ಅರಿತು ಮೇಲಿನ ಪದರದ ದಪ್ಪ ಹೇಳುತ್ತದೆ. ಬಾನೆಟ್ಟು 95, 104, 110. ಮೇಲ್ಛಾವಣಿ 120. ಡಿಕ್ಕಿಯ ಮುಚ್ಚಳ ಕೆಲವೆಡೆ 80ಕ್ಕೆ ಇಳಿದಿತ್ತು, ಕಾಕಾರ ಧೋತರ ಅಲ್ಲಿ ಜಾಸ್ತಿ ಓಡಾಡಿದೆ. ಎಡ ಹಿಂಬಾಗಿಲು 240, ಅಂದರೆ ಮೇಲೊಂದು ಬಣ್ಣ ಬಿದ್ದಿದೆ. ಅದರ ಹಿಂದಿನ ಮಡ್‌ಗಾರ್ಡಿನಲ್ಲಿ ಅಂಕಿ ಒಮ್ಮೆಲೇ 900 ದಾಟಿತು. ತಗ್ಗು ತುಂಬುವ ಪುಟ್ಟಿ! ನನ್ನ ಗಾಡಿಗೆ ಒಂದು ದಿನ ಒಂದು ಗೀರು ಬಿದ್ದಿಲ್ಲ ಎಂದು ಮದುವೆ ಮುಂಜಿಗಳಲ್ಲಿ ಎದೆತಟ್ಟಿ ಹೇಳಿಕೊಂಡು ಬಂದವರು ಕಾಕಾ. ಕಾಕೂನ ಕೇಳಿದೆ. ಹುಣಸೆಹಣ್ಣು ಬಿಡಿಸುತ್ತಿದ್ದವರು ತಲೆ ಎತ್ತದೆ ಹೇಳಿದರು: “ಅಣ್ಣಿಗೇರಿ ಹತ್ರ ಚಕ್ಕಡಿಗೆ ಬಡಸಿದ್ರಲ್ಲ. ಯಾರಿಗೂ ಹೇಳಬ್ಯಾಡ ಅಂತ ನನ್ ಕಡೆ ಆಣಿ ಹಾಕಿಸ್ಕೊಂಡಿದ್ರು.” ಯಂತ್ರಕ್ಕೆ ಆಣೆ ಇರಲಿಲ್ಲ ನೋಡಿ.

ತಿಕ್ಕುವ ಕೆಲಸಕ್ಕೆ ಕೂರುವ ಮೊದಲು ಋತುವಿನ ಮಾತು. ಬೇಸಿಗೆಯಲ್ಲಿ ಇಲ್ಲಿ ಪಾಲಿಶಿಂಗ್ ಬೇಡ. ತಗಡು ಕಾದಿರುತ್ತದೆ, ತಿಕ್ಕುವ ಕಂಪೌಂಡ್ ಕ್ಷಣದಲ್ಲಿ ಒಣಗುತ್ತದೆ, ಗಾಳಿಯ ಧೂಳು ಪ್ಯಾಡಿಗೇ ಬಂದು ಕೂರುತ್ತದೆ. ಆಷಾಢ, ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಊರಿನ ಧೂಳೆಲ್ಲ ನೆಲಕ್ಕೆ ಕೂತು ಗಾಳಿ ತೊಳೆದಿಟ್ಟಂತಾಗುತ್ತದೆ. ಶೆಡ್ಡಿನ ಕೆಳಗೆ ಕೆಲಸ ಮಾಡಲು ಅದೇ ಸುಗ್ಗಿ. ಒಣಗಲು ತಡವಾಗುತ್ತದೆ ಎಂಬುದೊಂದು ತೊಂದರೆ, ಅದನ್ನು ಸಹಿಸಬಹುದು.

ಮಷೀನು ಡಿಎ, ಅಂದರೆ ಡ್ಯುಯಲ್ ಆಕ್ಷನ್. ಪ್ಯಾಡು ತಿರುಗುತ್ತಲೇ ಓಲಾಡುತ್ತದೆ, ಭಾರ ಹೆಚ್ಚಾದರೆ ತಿರುಗುವುದು ನಿಲ್ಲುತ್ತದೆ, ಹಾಗಾಗಿ ಸುಡುವ ಭಯ ಕಡಿಮೆ. ಗ್ಯಾರೇಜುಗಳಲ್ಲಿ ‘ರಬ್ಬಿಂಗ್ ಪಾಲಿಶ್’ ಎಂದು ಮಾಡುವುದು ಬಹುತೇಕ ಓಲಾಡದೆ ಬರೀ ಗಿರಗಿರ ತಿರುಗುವ ರೋಟರಿಯಲ್ಲಿ, ಉಣ್ಣೆಯ ಪ್ಯಾಡಿನಲ್ಲಿ. ಪಳಗಿದ ಕೈಗೆ ರೋಟರಿಯಂಥ ಆಯುಧ ಮತ್ತೊಂದಿಲ್ಲ, ಅವಸರದ ಕೈಗೆ ಸಿಕ್ಕರೆ ಬಣ್ಣದ ಮೇಲೆ ಹೊಗೆಯಾಡಿದಂಥ ಬಿಲ್ಲಿನ ಗುರುತು ಬಿಡುತ್ತದೆ. ಆ ಗುರುತನ್ನು ಎಣ್ಣೆಯಂಶದ ಗ್ಲೇಜ್ ಹಚ್ಚಿ ಮುಚ್ಚಿ ಗಾಡಿ ಒಪ್ಪಿಸುತ್ತಾರೆ. ನಾಲ್ಕು ಸಲ ತೊಳೆದ ಮೇಲೆ ನಿಜ ಹೊರಬೀಳುತ್ತದೆ. ಅದಕ್ಕೇ ಪಾಲಿಶ್ ಮುಗಿದ ಜಾಗವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಟಾರ್ಚ್ ಹಿಡಿದು ನೋಡದೆ ಯಾವ ಮಾತನ್ನೂ ನಂಬಬಾರದು.

ಕಂಪೌಂಡಿನೊಳಗೆ ಇರುವುದು ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡಿನ ನುಣ್ಣನೆಯ ಪುಡಿ. ಮಾಣಿಕ್ಯ, ನೀಲಮಣಿಗಳೂ ರಾಸಾಯನಿಕವಾಗಿ ಇದೇ ವಸ್ತು. ಬಡವರ ಕಾರಿಗೆ ರತ್ನದ ಪುಡಿ ತಿಕ್ಕುತ್ತಿದ್ದೇವೆ ಎಂದುಕೊಂಡರೆ ಉತ್ಸಾಹ ಬರುತ್ತದೆ. ಎರಡಡಿ ಚೌಕ ಹಿಡಿದು, ಸೆಕೆಂಡಿಗೆ ಒಂದು ಅಂಗುಲದಂತೆ, ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ. ಮೊದಲು ಅತಿ ಮೆತ್ತನೆಯ ಪ್ಯಾಡು, ಅತಿ ಸೌಮ್ಯ ಪಾಲಿಶ್. ಅದರಿಂದ ಆಗದಿದ್ದರೆ ಮಾತ್ರ ಒಂದು ಮೆಟ್ಟಿಲು ಗಟ್ಟಿ. ನನ್ನ ಗಾಡಿಯ ಬಣ್ಣ ಸುಣ್ಣ ಹೊಡೆದಂತೆ ಬಿಳುಚಿತ್ತು. ದಶಕಗಳ ಬಿಸಿಲಿಗೆ ಮೇಲ್ಮೈ ಸತ್ತಿತ್ತು. ಅಂಥ ಒಣ ಬಣ್ಣಕ್ಕೆ ನೇರ ಮಷೀನು ಹಾಕುವುದು ಸರಿಯಲ್ಲ. ಎಣ್ಣೆಯಂಶ ಹೆಚ್ಚಿರುವ ಪಾಲಿಶನ್ನು ದಪ್ಪಗೆ ಮೆತ್ತಿ ಒಂದು ರಾತ್ರಿ ಬಿಟ್ಟು, ಕುಡಿಯುವಷ್ಟು ಕುಡಿಯಲು ಬಿಡಬೇಕು. ಬೆಳಿಗ್ಗೆ ಒರೆಸಿದಾಗ ಬಟ್ಟೆಗೆ ಹತ್ತಿದ್ದು ನೀಲಿ. ಪ್ಯಾಡೂ ನೀಲಿ. ಕ್ಲಿಯರ್ ಇರುವ ಕಾರಿನಲ್ಲಿ ಹೀಗಾದರೆ ಅನಾಹುತ ಎಂದರ್ಥ, ಇಲ್ಲಿ ಅದು ಸಹಜ; ಸತ್ತ ಬಣ್ಣ ಬಿಟ್ಟು ಬರುತ್ತಿದೆ. ಹಳೆಯ ಬಿಳುಚಿಗೂ ಹೊಸ ನೀಲಿಗೂ ನಡುವೆ ಟೇಪಿನ ಗೆರೆ ಎಳೆದಾಗ ಶೆಡ್ಡಿಗೆ ಬಂದಿದ್ದ ಪೇಂಟರು ಅಡ್ಡ ಬಗ್ಗಿ ನೋಡಿ, ಮೆಚ್ಚುಗೆಯನ್ನು ಬಚ್ಚಿಟ್ಟುಕೊಂಡು, “ಬಣ್ಣ ಗಟ್ಟಿ ಇತ್ರಿ ಮೊದ್ಲ, ಈಗಿನ್ವು ಹಂಗಿಲ್ಲ” ಎಂದರು. ನನ್ನ ಕೆಲಸಕ್ಕೆ ಅಂಕ ಸಿಗಲಿಲ್ಲ.

ಅಂಚುಗಳ ಬಗ್ಗೆ ಹೇಳಲೇಬೇಕು. ಬಾಗಿಲ ತುದಿ, ಬಾನೆಟ್ಟಿನ ಮೇಲಿನ ಏಣು, ಮಡ್‌ಗಾರ್ಡಿನ ಮಡಿಕೆ, ಇಲ್ಲೆಲ್ಲ ಬಣ್ಣ ತೆಳ್ಳಗಿರುತ್ತದೆ, ಪ್ಯಾಡಿನ ಭಾರ ಮಾತ್ರ ಅಲ್ಲಿಗೇ ಕೂಡುತ್ತದೆ. ಸಮತಲದಲ್ಲಿ ಏನೂ ಆಗದ ಒಂದು ಸುತ್ತು ಏಣಿನ ಮೇಲೆ ಪ್ರೈಮರನ್ನು ತೋರಿಸಿಬಿಡುತ್ತದೆ. ಹಾಗಾಗಿ ಏಣುಗಳಿಗೆಲ್ಲ ಟೇಪು ಅಂಟಿಸಿ, ಕೊನೆಗೆ ಅವನ್ನು ಬೆರಳಿನಿಂದಲೇ ಮುಗಿಸುವುದು. ಗದಗಿನ ಆಚೆ ಲಕ್ಕುಂಡಿಗೆ ಹೋದಾಗೆಲ್ಲ ನಾನೀಗ ಕಂಬಗಳನ್ನು ಇದೇ ಕಣ್ಣಿನಿಂದ ನೋಡುತ್ತೇನೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ, ಕಾಶಿ ವಿಶ್ವನಾಥ ಗುಡಿ ಇದೆ. ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು. ಪ್ರವಾಸಿಗರು ಅವುಗಳ ನುಣುಪಿಗೆ ಕೈಯಾಡಿಸಿ ಬೆರಗಾಗುತ್ತಾರೆ. ನನಗೆ ಬೆರಗು ಹುಟ್ಟಿಸುವುದು ಉಂಗುರಗಳ ಅಂಚು. ಮೈಯನ್ನು ಅಷ್ಟು ಮಿರುಗಿಸಿದ ಕೈ ಆ ಚೂಪು ಏಣುಗಳನ್ನು ಒಂದು ಕೂದಲಿನಷ್ಟೂ ಮೊಂಡಾಗಿಸಿಲ್ಲ. ನುಣುಪು ತರುವುದು ತಾಳ್ಮೆಯಿದ್ದವರಿಗೆಲ್ಲ ಬರುತ್ತದೆ, ಅಂಚಿನಲ್ಲಿ ಕೈ ತಡೆಯುವುದು ಬಲ್ಲವರಿಗೆ ಮಾತ್ರ.

ಡಿಕ್ಕಿಯ ಮುಚ್ಚಳದ ಮೇಲೆ ಗೇಣುದ್ದದ ಒಂದು ಗೀರಿದೆ. ಉಗುರು ಅಡ್ಡ ಎಳೆದರೆ ತಡೆಯುತ್ತದೆ, ಅಂದರೆ ಆಳವಾಗಿದೆ. ಅದನ್ನು ತೆಗೆಯಬೇಕಾದರೆ ಎಂಬತ್ತು ಮೈಕ್ರಾನಿನಲ್ಲಿ ಬಹಳಷ್ಟು ಖರ್ಚಾಗುತ್ತದೆ, ಪ್ರೈಮರೂ ಬಂದೀತು. ಅದರ ಅಂಚುಗಳನ್ನು ಮಾತ್ರ ಮೆತ್ತಗೆ ಮಾಡಿ, ಬೆಳಕಿಗೆ ಚುಚ್ಚದಂತೆ ಮಾಡಿ ಬಿಟ್ಟಿದ್ದೇನೆ. ಸ್ಪರ್ಧೆಯ ತೀರ್ಪುಗಾರರು ಟಾರ್ಚ್ ಹಿಡಿದು ಬಂದರೆ ಅದು ಕಾಣುತ್ತದೆ, ಅಂಕ ಕಡಿಯುತ್ತಾರೆ. ಕಡಿಯಲಿ. ಆ ಒಂದು ಗೀರಿಗಾಗಿ ಇಡೀ ಮುಚ್ಚಳದ ಮೂಲ ಬಣ್ಣ ಕಳೆದುಕೊಳ್ಳುವುದು ನನಗೆ ನಷ್ಟದ ವ್ಯಾಪಾರವಾಗಿ ಕಂಡಿತು. ನಾಳೆ ಈ ಗಾಡಿ ಯಾರ ಕೈಗೆ ಹೋದರೂ ಅವರಿಗೂ ಒಂದು ಸಲ ಪಾಲಿಶ್ ಮಾಡುವಷ್ಟು ಬಣ್ಣ ಉಳಿದಿರಬೇಕು.

ಕೊನೆಯ ಲೇಪನ ಯಾವುದು ಎಂಬುದರ ಮೇಲೆ ಕಾರು ಹುಚ್ಚರು ಗಂಟೆಗಟ್ಟಲೆ ಜಗಳವಾಡುತ್ತಾರೆ. ಈಗ ಎಲ್ಲೆಲ್ಲೂ ಬಣ್ಣದ ಮೇಲೆ ಗಟ್ಟಿಯಾಗಿ ಕೂರುವ ಸಿರಾಮಿಕ್ ಕೋಟಿಂಗ್, ಅಂಗಡಿಯ ಫಲಕದ ಮೇಲೆ ‘9ಎಚ್’ ಎಂದು ದಪ್ಪಕ್ಷರ. ಆ 9ಎಚ್ ಪೆನ್ಸಿಲ್ ಪರೀಕ್ಷೆಯದು, 9ಎಚ್ ಪೆನ್ಸಿಲಿನಿಂದ ಗೀಚಿದರೆ ಗೀರು ಬೀಳುವುದಿಲ್ಲ ಎಂಬಷ್ಟೇ ಅರ್ಥ. ಬೀಗದ ಕೈ, ಸಿಡಿದ ಜಲ್ಲಿ, ನಮ್ಮ ಬೆಳಗಿನ ಒಣ ಬಟ್ಟೆ ಇವು ಯಾವುವೂ ಪೆನ್ಸಿಲಲ್ಲ. ದಿನಾ ಬಿಆರ್‌ಟಿಎಸ್ ಬಸ್ಸುಗಳ ಮೀಸಲು ರಸ್ತೆಯ ಪಕ್ಕದಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವ ಕಾರಿಗೆ ಕೋಟಿಂಗ್ ಒಳ್ಳೆಯದೇ. ಧೂಳು ಬೇಗ ಬಿಡುತ್ತದೆ, ನೀರು ಗೋಲಿಯಾಗಿ ಉರುಳುತ್ತದೆ. ಆದರೆ ಅದರ ಕೆಳಗೆ ಗೀರು ಉಳಿಸಿಕೊಂಡು ಕೋಟಿಂಗ್ ಮಾಡಿಸಿದರೆ ಗೀರಿಗೇ ರಕ್ಷಣೆ ಕೊಟ್ಟಂತೆ. ಪದ್ಮಿನಿಗೆ ನಾನು ಕಾರ್ನೌಬಾ ಮೇಣ ಹಚ್ಚಿದ್ದೇನೆ. ಬ್ರೆಜಿಲಿನ ಒಣ ಸೀಮೆಯ ಒಂದು ತಾಳೆ ಜಾತಿಯ ಮರ ತನ್ನ ಎಲೆಯ ನೀರು ಆರದಂತೆ ತಾನೇ ಹಚ್ಚಿಕೊಳ್ಳುವ ಮೇಣ ಅದು. ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು, ನಮ್ಮ ಏಪ್ರಿಲ್ಲಿಗೂ ಜಗ್ಗುವುದಿಲ್ಲ. ಕೆಲವು ವಾರಗಳಲ್ಲಿ ಸವೆದು ಹೋಗುತ್ತದೆ, ಮತ್ತೆ ಹಚ್ಚಬೇಕು. ಹಳೇ ಬಣ್ಣಕ್ಕೆ ಅದು ಕೊಡುವ ಒದ್ದೆ ಕಳೆಯನ್ನು ಬೇರೆ ಯಾವುದೂ ಕೊಡದು ಎಂಬುದು ನನ್ನ ಹಟ.

ಪ್ರದರ್ಶನದ ಮಟ್ಟ ಎನ್ನುವುದು ನಿಜವಾಗಿ ಗೊತ್ತಾಗುವುದು ಬಾನೆಟ್ಟಿನಲ್ಲಲ್ಲ, ಸಂದಿಗೊಂದಿಗಳಲ್ಲಿ. ಲಾಂಛನದ ಅಕ್ಷರಗಳ ಸುತ್ತ ಒಣಗಿದ ಬಿಳಿ ಪಾಲಿಶ್ ಉಳಿದಿದ್ದರೆ ಉಳಿದ ದುಡಿಮೆಯೆಲ್ಲ ವ್ಯರ್ಥ. ಪತ್ರಾವಳಿ ಚುಚ್ಚುವ ಬಿದಿರ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಒಂದೊಂದೇ ಅಕ್ಷರ ಬಿಡಿಸಿದೆ. ಬಂಪರಿನ ಕ್ರೋಮಿನ ಮೇಲಿನ ತೆಳು ತುಕ್ಕಿಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ನೀರಲ್ಲಿ ಅದ್ದಿ ತಿಕ್ಕಿದರೆ ಸಾಕು, ಕ್ರೋಮಿಗಿಂತ ಅದು ಮೆತ್ತಗೆ. ವೈಪರ್ ಕೊರೆದ ಮುಂಗಾಜಿಗೆ ಗಾಜು ಉಜ್ಜುವ ಪುಡಿ, ಸೀರಿಯಂ ಆಕ್ಸೈಡ್. ಬಾಗಿಲ ಕೀಲಿನಲ್ಲಿ ವರ್ಷಗಳ ಗ್ರೀಸಿಗೆ ಹಲ್ಲುಜ್ಜುವ ಬ್ರಷ್ಷು. ಟೈರಿಗೆ ಮಿರಿಮಿರಿ ಎಣ್ಣೆ ಬಳಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಟೈರು ರಬ್ಬರಿನಂತೆ ಕಾಣಬೇಕು, ಆಗಷ್ಟೇ ಬಾಣಲೆಯಿಂದ ತೆಗೆದಂತಲ್ಲ.

ಇಷ್ಟೆಲ್ಲ ಆಗಿ ಗಾಡಿ ಹೊರಬಂದದ್ದು ದಸರೆಗೆ ಸರಿಯಾಗಿ. ಖಂಡೇಪೂಜೆಯ ದಿನ ಡಿಟೇಲಿಂಗ್, ಅಂದರೆ ಕಾರನ್ನು ಹೀಗೆ ಮೂಲೆಮೂಲೆ ಮಿರುಗಿಸುವ ಹುಚ್ಚಿನವನ ಎದೆ ಬಡಿತವನ್ನು ಯಾರೂ ಅಳೆದಿಲ್ಲ. ಅರಿಶಿನದ ಕಲೆಗೆ ಹೆದರಬೇಕಿಲ್ಲ, ಬಿಸಿಲಿಗೆ ತಾನೇ ಮಾಸುತ್ತದೆ. ಪೇಟೆಯ ಕುಂಕುಮದ ಬಣ್ಣ ಹಾಗಲ್ಲ, ಹಳೇ ಬಣ್ಣದೊಳಗೆ ಇಳಿದರೆ ಕದಲುವುದಿಲ್ಲ. ತೆಂಗಿನಕಾಯಿಯ ನೀರು ಸಿಡಿದು ಒಣಗಿದರೆ ಅಂಟು. ಚೆಂಡು ಹೂವಿನ ಮಾಲೆಯನ್ನು ತಂತಿಯಲ್ಲಿ ಕಟ್ಟಿ ಗ್ರಿಲ್ಲಿಗೆ ಬಿಗಿದು ಊರು ಸುತ್ತಿದರೆ ತಂತಿಯ ತುದಿ ಬಾನೆಟ್ಟಿಗೆ ಗೀರುತ್ತದೆ. ಎಲ್ಲಕ್ಕಿಂತ ಭಯಂಕರ ಬಾಳೆಕಂದು. ಕತ್ತರಿಸಿದ ಬಾಳೆಯ ಸೊನೆ ಬಣ್ಣಕ್ಕೆ ಹನಿದರೆ ಕಂದು ಕಲೆ, ಯಾವ ದ್ರಾವಣಕ್ಕೂ ಸುಲಭವಾಗಿ ಬಗ್ಗದು.

ಹಿಂದಿನ ದಿನವೇ ಕಾಕೂನೊಂದಿಗೆ ಮಾತುಕತೆಗೆ ಕೂತೆ. ಬಾಳೆಕಂದು ಗೇಟಿಗೆ, ಗಾಡಿಗಲ್ಲ. ಮಾಲೆ ದಾರದ್ದು, ಪೂಜೆ ಮುಗಿದ ಮೇಲೆ ಬಿಚ್ಚುವುದು. ಕಾಯಿ ಒಡೆಯುವುದು ನಾಲ್ಕು ಹೆಜ್ಜೆ ಮುಂದೆ, ಕಲ್ಲಿನ ಮೇಲೆ. ಕುಂಕುಮ, ಅರಿಶಿನ ಗಾಜಿಗೆ ಮತ್ತು ನಂಬರ್ ಪ್ಲೇಟಿಗೆ. “ಬಾನೆಟ್ಟಿಗೆ ಹಚ್ಚಲಿಲ್ಲಂದ್ರ ಅದೆಂಥಾ ಪೂಜಿ?” ಎಂದರು. ಗಾಜೂ ಗಾಡಿಯದೇ ಅಲ್ಲವೇ ಎಂದು ವಾದಿಸಿದೆ. ನಿಂಬೆಹಣ್ಣು ನಾಲ್ಕೂ ಗಾಲಿಗಳ ಕೆಳಗೆ ಇಡುವುದಕ್ಕೆ ನನ್ನ ತಕರಾರಿಲ್ಲ ಎಂದು ದೊಡ್ಡ ಮನಸ್ಸು ಮಾಡಿದೆ. ಬಹಳ ಹೊತ್ತಿನ ಮೇಲೆ ಕಾಕೂ ಒಪ್ಪಿದರು, ಒಂದು ಷರತ್ತಿನ ಮೇಲೆ: ಸ್ಟೀರಿಂಗಿಗೆ ಹಚ್ಚುವ ವಿಭೂತಿಯ ವಿಷಯದಲ್ಲಿ ನಾನು ಬಾಯಿ ಹಾಕುವಂತಿಲ್ಲ.